ಕುದುರೆಯ ಎದೆ ನೋಡುವ ಮೊದಲು ಅದರ ಅಟ್ಟ ನೋಡಿ

ಗೆ,
ಹಾಸನ ಜಿಲ್ಲೆಯಲ್ಲಿ ಪಶುವೈದ್ಯ ಸೇವೆಯ ಹೊಣೆ ಹೊತ್ತಿರುವ ಮಾನ್ಯ ಅಧಿಕಾರಿಗಳಿಗೆ

ವಿಷಯ: ಕುದುರೆಗಳಿಗೆ ಬರುವ ಉಬ್ಬಸ ಮತ್ತು ಅದನ್ನು ನೋಡುವವರಿಲ್ಲದೆ ನಾವು ಪಟ್ಟ ಪಾಡು.

ಮಾನ್ಯರೇ,

ನಾನು ಹಾಸನದ ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ನಮ್ಮ ತಾತ ರೈಲ್ವೆ ಸ್ಟೇಷನ್ನಿನಿಂದ ಪೇಟೆಗೆ ಜಟಕಾ ಗಾಡಿ ಓಡಿಸುತ್ತಿದ್ದರು. ಆಟೋಗಳು ಬಂದವು, ಗಾಡಿ ಮೂಲೆ ಸೇರಿತು. ಕುದುರೆ ಸಾಕುವ ಗೀಳು ಮಾತ್ರ ಮನೆ ಬಿಟ್ಟು ಹೋಗಲಿಲ್ಲ. ಅಪ್ಪ ಈಗ ಒಂದು ಬಿಳಿ ಹೆಣ್ಣು ಕುದುರೆ ಸಾಕಿದ್ದಾರೆ. ಹೆಸರು ಬೆಳ್ಳಿ, ವಯಸ್ಸು 13. ಮದುವೆ ಮೆರವಣಿಗೆ, ಊರಹಬ್ಬ, ಗಣಪತಿ ಬಿಡುವ ದಿನ, ಹೀಗೆ ಕರೆದ ಕಡೆ ಹೋಗಿ ಬರುತ್ತಾರೆ. ಮನೆಯ ಅರ್ಧ ಖರ್ಚು ಬೆಳ್ಳಿಯಿಂದ ನಡೆಯುತ್ತದೆ. ಉಳಿದ ಅರ್ಧ ನನ್ನ ಸಂಬಳ.

ಈ ಪತ್ರ ಬೆಳ್ಳಿಯ ಉಸಿರಿನ ಬಗ್ಗೆ. ನಿಮ್ಮ ಮೇಜಿಗೆ ಬರುವ ಅರ್ಜಿಗಳಲ್ಲಿ ಹಸು, ಎಮ್ಮೆ, ಕುರಿ, ಕೋಳಿಯದೇ ಜಾಸ್ತಿ ಇರುತ್ತವೆ, ಗೊತ್ತು. ಕುದುರೆಯ ಹೆಸರಿನಲ್ಲಿ ಅಪರೂಪಕ್ಕೂ ಒಂದು ಬರಲಿಕ್ಕಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಹಾಸನಾಂಬೆ ಗುಡಿಯ ಬಾಗಿಲು ಹಾಕಿ ತಿಂಗಳಾಗಿತ್ತು. ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ರಾಗಿ ನೆಲಕ್ಕೆ ಮಲಗಿತು, ಕೊಯ್ದ ಭತ್ತ ಗದ್ದೆಯಲ್ಲೇ ನೆನೆಯಿತು. ಅಪ್ಪ ಪ್ರತಿ ವರ್ಷ ಪರಿಚಯದ ರೈತರಿಂದ ರಾಗಿ ಹುಲ್ಲು ಕೊಂಡು ಹಿತ್ತಲಲ್ಲಿ ಮೆದೆ ಹಾಕಿಸುತ್ತಿದ್ದರು. ಆ ಸಲ ಒಳ್ಳೆ ರಾಗಿ ಹುಲ್ಲು ಸಿಗಲಿಲ್ಲ. ಸಿಕ್ಕಿದ್ದಕ್ಕೆ ಕೈ ಇಡಲಾಗದ ರೇಟು. ಕೊನೆಗೆ ಮೆಷಿನ್ನಿನಲ್ಲಿ ಸುತ್ತಿದ ಭತ್ತದ ಹುಲ್ಲಿನ ರೋಲುಗಳನ್ನು ಟೆಂಪೋದಲ್ಲಿ ತಂದು ಲಾಯದ ಅಟ್ಟಕ್ಕೆ ಏರಿಸಿದರು. ಅಂದರೆ ಬೆಳ್ಳಿಯ ತಲೆಯ ಮೇಲೆಯೇ. ಅಟ್ಟದ ಹಲಗೆಗಳ ನಡುವೆ ಎರಡೆರಡು ಬೆರಳು ಸಂದು. ಹೊರಗಿನಿಂದ ನೋಡಿದರೆ ರೋಲು ಒಳ್ಳೆ ಬಂಗಾರದ ಬಣ್ಣ. ಒಳಗೆ ಕೈ ತೂರಿಸಿದರೆ ಬೆಚ್ಚಗಿತ್ತು. ಚಳಿಗಾಲದಲ್ಲಿ ಹುಲ್ಲು ಬೆಚ್ಚಗಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡೆವು.

ಮೊದಲು ಬರೀ ಕೆಮ್ಮು. ಬೆಳಿಗ್ಗೆ ಮೇವು ಹಾಕಿದಾಗ ಎರಡು ಸಲ, ಓಡಿಸಲು ಶುರು ಮಾಡಿದಾಗ ಎರಡು ಸಲ. "ಥಂಡಿ ಕಣೇ" ಅಂದರು ಅಪ್ಪ. ಲಾಯದ ಮೂರೂ ಕಡೆ ಟಾರ್ಪಾಲು ಬಿಗಿದರು. ಕಿಟಕಿಗೆ ಗೋಣಿಚೀಲ ತುರುಕಿದರು. ಅದೇ ಹುಲ್ಲನ್ನು ನೆಲಕ್ಕೂ ದಪ್ಪಗೆ ಹಾಸಿದರು. ತಾವೂ ಅಲ್ಲೇ ಮಂಚ ಹಾಕಿಕೊಂಡು ಮಲಗಿದರು. ಬೆಳಿಗ್ಗೆ ನಾನು ಟೀ ತೆಗೆದುಕೊಂಡು ಹೋದರೆ ಗಂಜಲದ ಘಾಟಿಗೆ ಕಣ್ಣು ಉರಿಯುತ್ತಿತ್ತು. ಅಪ್ಪನೂ ಕೆಮ್ಮಲು ಶುರು ಮಾಡಿದ್ದರು. ನಾವು ಇಬ್ಬರ ಕೆಮ್ಮನ್ನೂ ಚಳಿಯ ಲೆಕ್ಕಕ್ಕೇ ಬರೆದೆವು.

ಸಂಕ್ರಾಂತಿ ಕಳೆದ ಮೇಲೆ ಬೆಳ್ಳಿಯ ರೂಪವೇ ಬದಲಾಯಿತು. ಸುಮ್ನೆ ನಿಂತಿದ್ದಾಗಲೂ ಮೂಗಿನ ಹೊಳ್ಳೆ ಅರಳಿರುತ್ತಿತ್ತು. ಉಸಿರು ಬಿಡುವಾಗ ಹೊಟ್ಟೆ ಎರಡೆರಡು ಸಲ ಹೊಡೆದುಕೊಳ್ಳುತ್ತಿತ್ತು, ಒಂದೇ ಸಲಕ್ಕೆ ಗಾಳಿ ಹೊರಗೆ ಹೋಗುತ್ತಿಲ್ಲ ಎನ್ನುವ ಹಾಗೆ. ಪಕ್ಕೆಲುಬಿನ ಕೆಳಗೆ ಓರೆಯಾಗಿ ಒಂದು ಗೆರೆ ಮೂಡಿತು. ಉಸಿರು ಹೊರಗೆ ತಳ್ಳಿ ತಳ್ಳಿ ಅಲ್ಲಿನ ಮಾಂಸಖಂಡ ದಪ್ಪವಾಗಿ ಬರುವ ಗೆರೆ ಅದು ಅಂತ ಆಮೇಲೆ ತಿಳಿಯಿತು. ನನಗೆ ಚಿಕ್ಕಂದಿನಿಂದ ಉಬ್ಬಸ ಇದೆ. ಬ್ಯಾಗಿನಲ್ಲಿ ಇನ್‌ಹೇಲರ್ ಇಲ್ಲದೆ ಮನೆ ಬಿಡುವುದಿಲ್ಲ. ಒಳಗೆ ಎಳೆಯುವುದಕ್ಕಿಂತ ಹೊರಗೆ ಬಿಡುವುದೇ ಕಷ್ಟ ಎನ್ನುವುದು ಉಬ್ಬಸ ಇದ್ದವರಿಗೆ ಗೊತ್ತು. ಬೆಳ್ಳಿಯ ಹೊಟ್ಟೆ ನೋಡಿದಾಗ ನನಗೆ ನನ್ನದೇ ರಾತ್ರಿಗಳು ನೆನಪಾದವು. ನಾವಾದರೆ ಬಾಯಿ ತೆರೆದು ಒಂದಿಷ್ಟು ಗಾಳಿ ಎಳೆದುಕೊಳ್ಳುತ್ತೇವೆ. ಕುದುರೆಗೆ ಅದೂ ಇಲ್ಲ. ಅದು ಉಸಿರಾಡುವುದು ಮೂಗಿನಿಂದ ಮಾತ್ರ.

ಮೊಬೈಲ್ ಹಿಡಿದು ಎಣಿಸಿದೆ. ನಿಮಿಷಕ್ಕೆ 34 ಉಸಿರು. ಆರೋಗ್ಯವಾಗಿರುವ ಕುದುರೆ ಸುಮ್ಮನೆ ನಿಂತಿದ್ದಾಗ 8ರಿಂದ 16 ಸಲ ಉಸಿರಾಡುತ್ತದೆ, ಅಷ್ಟೇ.

ಈಗ ದೂರಿನ ಮಾತಿಗೆ ಬರುತ್ತೇನೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಯಾರೋ ಒಬ್ಬರನ್ನು ಸಿಕ್ಕಿಸುವುದು ನನಗೆ ಬೇಕಿಲ್ಲ. ಅಲ್ಲಿ ದಿನವಿಡೀ ಹಸುಗಳ ಸಾಲು ಇರುವುದನ್ನು, ಎರಡು ಕೈಯಲ್ಲಿ ನಾಲ್ಕು ಜನರ ಕೆಲಸ ನಡೆಯುವುದನ್ನು ನಾನೇ ನೋಡಿದ್ದೇನೆ.

ಮೊದಲ ದಿನ ಬೆಳ್ಳಿಯನ್ನು ನಡೆಸಿಕೊಂಡು ಹೋದೆವು. ಗೇಟಿನಲ್ಲೇ ಒಬ್ಬರು, "ಇಲ್ಲಿ ಕುದುರೆ ನೋಡೋರು ಯಾರೂ ಇಲ್ಲಮ್ಮ" ಅಂದರು. ಕುದುರೆ ಕಂಡರೆ ಕಾಲುನೋವು ಅನ್ನುವ ಗಾದೆ ಇದೆಯಲ್ಲ, ಅಲ್ಲಿ ಕುದುರೆ ಕಂಡ ಕೂಡಲೇ ಎಲ್ಲರಿಗೂ ಬೇರೆ ಕೆಲಸ ನೆನಪಾಯಿತು. ಎರಡನೇ ಸಲ ಹೋದಾಗ ಒಂದು ಇಂಜೆಕ್ಷನ್ ಬರೆದುಕೊಟ್ಟರು. ಐದು ದಿನದ ಆಂಟಿಬಯೋಟಿಕ್. ಜ್ವರ ಇದೆಯೇ ಅಂತ ಥರ್ಮಾಮೀಟರ್ ಇಟ್ಟು ನೋಡಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಡಲಿಲ್ಲ. ಏನು ತಿನ್ನುತ್ತೆ, ಎಲ್ಲಿ ಕಟ್ಟುತ್ತೀರಿ ಅಂತ ಕೇಳಲಿಲ್ಲ. ನಾನೇ ನಮ್ಮ ಅಂಗಡಿಯ ಥರ್ಮಾಮೀಟರ್ ತಂದು ನೋಡಿದೆ. 38 ಡಿಗ್ರಿ. ಕುದುರೆಗೆ 37.5ರಿಂದ 38.5ರವರೆಗೆ ಸಹಜವಂತೆ. ಜ್ವರ ಇಲ್ಲ, ಮೇವು ಬಿಟ್ಟಿಲ್ಲ, ಐದು ದಿನ ಇಂಜೆಕ್ಷನ್ ಮುಗಿದರೂ ಉಸಿರು ಅಷ್ಟೇ. ದುಡ್ಡು ಮಾತ್ರ ಇಳಿಯಿತು.

ಮೂರನೇ ಸಲ ಹೋದಾಗ ಆಗಿದ್ದನ್ನು ನೆನೆದರೆ ಈಗಲೂ ಬೇಜಾರು. ಅಲ್ಲಿ ನಿಂತಿದ್ದವರೊಬ್ಬರು ದೂರದಿಂದಲೇ ಬೆಳ್ಳಿಯ ಮೂಗಿನ ಸಿಂಬಳ ನೋಡಿ, "ಇದು ಗ್ಲಾಂಡರ್ಸ್ ಇರಬೋದು, ಮನುಷ್ಯರಿಗೂ ಬರುತ್ತೆ, ದೂರ ಕಟ್ಟಿ" ಅಂದುಬಿಟ್ಟರು. ರಕ್ತ ತೆಗೆಯಲಿಲ್ಲ. ಕಾಗದದ ಮೇಲೆ ಏನೂ ಬರೆಯಲಿಲ್ಲ. ಮಾತು ಮಾತ್ರ ನಮಗಿಂತ ಮೊದಲು ಬೀದಿಗೆ ಬಂದು ಮುಟ್ಟಿತ್ತು. ಪಕ್ಕದ ಮನೆಯವರು ಮಕ್ಕಳನ್ನು ನಮ್ಮ ಹಿತ್ತಲಿಗೆ ಕಳಿಸುವುದು ನಿಲ್ಲಿಸಿದರು. ಅವರದು ತಪ್ಪಲ್ಲ. ಮಕ್ಕಳಿರುವ ಮನೆ, ಹೆದರಿಕೆ ಇದ್ದೇ ಇರುತ್ತದೆ.

ಆ ವಾರ ಒಂದು ಮದುವೆ ಒಪ್ಪಿಕೊಂಡಿದ್ದೆವು. ಬೆಳ್ಳಿಯ ಮೇಲೆ ಯಾರನ್ನೂ ಕೂರಿಸುವುದಿಲ್ಲ, ಅಲಂಕಾರ ಮಾಡಿ ಛತ್ರದ ಮುಂದೆ ನಿಲ್ಲಿಸುತ್ತೇವೆ, ಅರ್ಧ ದುಡ್ಡು ಸಾಕು ಅಂತ ಅಪ್ಪ ಮೊದಲೇ ಹೇಳಿ ಒಪ್ಪಿಸಿದ್ದರು. ವಾದ್ಯದವರು ಬಂದರು, ಪಟಾಕಿ ಹೊಡೆದರು. ಆ ಹೊಗೆಗೆ ಬೆಳ್ಳಿ ಕೆಮ್ಮಿತು. ಛತ್ರ ನೋಡಿಕೊಳ್ಳುವವರು ಓಡಿ ಬಂದರು. "ಅಂಟುರೋಗದ ಕುದುರೆ ತಂದಿದ್ದೀರಂತೆ, ಮೊದಲು ಆಚೆ ಹೊಡೀರಿ" ಅಂದರು. ನೂರಾರು ಜನರ ಮುಂದೆ. ಅಪ್ಪ ಒಂದು ಮಾತೂ ಆಡಲಿಲ್ಲ. ಹಣೆಗೆ ಕಟ್ಟಿದ ಕುಚ್ಚು, ಬೆನ್ನಿನ ಜರಿ ಬಟ್ಟೆ ಬಿಚ್ಚುವ ಮನಸ್ಸೂ ಇಲ್ಲದೆ ಹಾಗೇ ನಾಲ್ಕು ಕಿಲೋಮೀಟರ್ ನಡೆಸಿಕೊಂಡು ಬಂದರು. ದಾರಿಯಲ್ಲಿ ಐದಾರು ಕಡೆ ನಿಲ್ಲಬೇಕಾಯಿತು.

ಗ್ಲಾಂಡರ್ಸ್ ಅಂದರೆ ಏನು ಅಂತ ಆ ರಾತ್ರಿ ಕೂತು ಓದಿದೆ. ಅದು ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಜ್ವರ ಇರುತ್ತದೆ, ಮೂಗಿನೊಳಗೆ ಹುಣ್ಣಾಗುತ್ತದೆ, ಕೀವಿನಂಥ ಸಿಂಬಳ ಬರುತ್ತದೆ, ಚರ್ಮದ ಮೇಲೆ ಗಂಟುಗಳಾಗಿ ಒಡೆಯಬಹುದು. ಮನುಷ್ಯರಿಗೂ ಅಂಟುತ್ತದೆ, ನಿಜ. ಲಸಿಕೆ ಇಲ್ಲ. ಖಚಿತವಾದರೆ 2009ರ ಸಾಂಕ್ರಾಮಿಕ ಪ್ರಾಣಿರೋಗ ಕಾಯ್ದೆಯ ಪ್ರಕಾರ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ. ಅಷ್ಟು ದೊಡ್ಡ ಮಾತು ಅದು. ಅಷ್ಟು ದೊಡ್ಡ ಮಾತನ್ನು ರಕ್ತ ಪರೀಕ್ಷೆ ಇಲ್ಲದೆ ಗೇಟಿನ ಹತ್ತಿರ ನಿಂತು ಆಡಬಹುದಾ? ಕೆಮ್ಮುವವರನ್ನೆಲ್ಲ ಟಿಬಿ ಅಂತ ಕೂಗಿ ಓಡಿಸಿದರೆ ಮನುಷ್ಯರ ಆಸ್ಪತ್ರೆ ನಡೆಯುತ್ತದಾ?

ಇನ್ನೊಂದು ಕಡೆಯಿಂದಲೂ ಯೋಚಿಸಿ. ಅದು ನಿಜವಾಗಿ ಗ್ಲಾಂಡರ್ಸ್ ಆಗಿದ್ದಿದ್ದರೆ? ರಕ್ತ ತೆಗೆಯದೆ ಮನೆಗೆ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪಾಗುತ್ತಿತ್ತು. ಅಪ್ಪ ಅದರ ಪಕ್ಕದಲ್ಲೇ ಮಲಗುತ್ತಿದ್ದರು.

ಕೊನೆಗೆ ನಮ್ಮ ಅಂಗಡಿಗೆ ಬರುವ ಗಿರಾಕಿಯೊಬ್ಬರ ಮೂಲಕ ಹೊರಗಿನಿಂದ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಸಿಕ್ಕಿದರು. ಮನೆಗೇ ಬಂದರು. ಮೊದಲು ಹತ್ತು ನಿಮಿಷ ದೂರ ನಿಂತು ಬೆಳ್ಳಿಯನ್ನು ಸುಮ್ಮನೆ ನೋಡಿದರು. ಆಮೇಲೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲವನ್ನು ಅದರ ಮೂಗಿಗೆ ಸಡಿಲವಾಗಿ ಹಿಡಿಯಲು ಅಪ್ಪನಿಗೆ ಹೇಳಿದರು. ಬಿಟ್ಟ ಗಾಳಿಯನ್ನೇ ಮತ್ತೆ ಎಳೆದಾಗ ಕುದುರೆ ಆಳವಾಗಿ ಉಸಿರಾಡುತ್ತದೆ, ಆಗ ಎದೆಯೊಳಗಿನ ಸದ್ದು ಚೆನ್ನಾಗಿ ಕೇಳುತ್ತದೆ. ಸ್ವಲ್ಪ ಹೊತ್ತು ಅಷ್ಟೇ. ಸ್ಟೆತಸ್ಕೋಪನ್ನು ನನ್ನ ಕಿವಿಗೂ ಕೊಟ್ಟರು. ಸಿಳ್ಳೆ. ನನ್ನ ಡಾಕ್ಟರು ನನ್ನ ಬೆನ್ನಿಗೆ ಇಟ್ಟು ಕೇಳುತ್ತಾರಲ್ಲ, ಅದೇ ಸಿಳ್ಳೆ ಇರಬೇಕು.

ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿದರು. ಹುಣ್ಣಿಲ್ಲ. ಗದ್ದದ ಕೆಳಗಿನ ಗ್ರಂಥಿ ಮುಟ್ಟಿದರು. ಊದಿಲ್ಲ. ಆದರೂ ಬೀದಿಯ ಮಾತು ಕೇಳಿದ ಮೇಲೆ ರಕ್ತ ತೆಗೆದು ಗ್ಲಾಂಡರ್ಸ್ ಪರೀಕ್ಷೆಗೆ ಕಳಿಸಿದರು. "ನನಗೆ ಅನುಮಾನ ಇಲ್ಲ. ಆದ್ರೆ ನಿಮ್ಮ ಕೈಲಿ ಒಂದು ಕಾಗದ ಇರಲಿ" ಅಂದರು. ಆ ಕಾಗದ ಬಂತು. ರೋಗ ಇಲ್ಲ ಅಂತ ಬರೆದಿತ್ತು. ಅಪ್ಪ ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಲಾಯದ ಬಾಗಿಲಿಗೆ ಹೊಡೆದಿದ್ದಾರೆ.

ಅವರು ಆಮೇಲೆ ಮಾಡಿದ್ದೇ ನಾನು ಈ ಪತ್ರ ಬರೆಯಲು ಕಾರಣ. ಕುದುರೆ ಬಿಟ್ಟು ಅಟ್ಟ ಹತ್ತಿದರು. ಒಂದು ರೋಲಿನ ಹೊಟ್ಟೆಯಿಂದ ಹಿಡಿ ಹುಲ್ಲು ಕಿತ್ತುಕೊಂಡು ಕೆಳಗಿಳಿದರು. ಟಾರ್ಪಾಲು ಸರಿಸಿ, ಬಿಸಿಲು ಒಂದು ಕೋಲಿನ ಹಾಗೆ ಒಳಗೆ ಬೀಳುತ್ತಿದ್ದ ಕಡೆ ಆ ಹುಲ್ಲನ್ನು ಒಮ್ಮೆ ಕೊಡವಿದರು. ಬಿಸಿಲಿನಲ್ಲಿ ಹೊಗೆ ಎದ್ದ ಹಾಗೆ ಆಯಿತು. ಬೂದು ಬಣ್ಣದ ಹುಡಿ. ಕೆಳಗೆ ಬೀಳಲೇ ಇಲ್ಲ, ಅಲ್ಲೇ ತೇಲಾಡಿತು. ನಾನು ಎರಡು ಹೆಜ್ಜೆ ಹಿಂದೆ ಸರಿದು ಬ್ಯಾಗಿಗೆ ಕೈ ಹಾಕಿದೆ. "ನೋಡಿ, ನಿಮಗೆ ಅರ್ಥ ಆಯ್ತು" ಅಂದರು. "ಔಷಧಿ ನಾನು ಕೊಡ್ತೀನಿ. ಆದ್ರೆ ಕಾಯಿಲೆ ಇರೋದು ಮೇಲೆ."

ಅವರು ವಿವರಿಸಿದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ನಿಮಗೆ ಇದೆಲ್ಲ ಗೊತ್ತಿರುತ್ತದೆ. ಇದನ್ನು ಓದುವ ಉಳಿದ ಕುದುರೆಯವರಿಗೆ ತಿಳಿಯಲಿ ಅಂತ ಬರೆಯುತ್ತಿದ್ದೇನೆ.

ಪೂರ್ತಿ ಒಣಗದ ಹುಲ್ಲನ್ನು ಬಿಗಿಯಾಗಿ ಸುತ್ತಿದರೆ ಒಳಗೆ ಬಿಸಿಯಾಗುತ್ತದೆ. ನಾವು ಮುಟ್ಟಿ ನೋಡಿದ ಬೆಚ್ಚಗೆ ಅದೇ. ಆ ಬಿಸಿಗೆ ಬೂಷ್ಟು ಬೆಳೆಯುತ್ತದೆ. ಆಸ್ಪರ್ಜಿಲಸ್ ಅನ್ನುವುದು ಅದರಲ್ಲಿ ಒಂದು. ಅದರ ಬೀಜಕಣಗಳು ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣವು. ಅಂಥ ಪಾಲು ಐದಕ್ಕಿಂತ ಕಡಿಮೆ ಇರುವ ಕಣ ಮೂಗಿನಲ್ಲಿ ನಿಲ್ಲುವುದಿಲ್ಲ, ಶ್ವಾಸಕೋಶದ ತುದಿಯವರೆಗೂ ಹೋಗುತ್ತದೆ. ಕುದುರೆ ನಿಂತಲ್ಲೇ ಒಂದು ಉಸಿರಿಗೆ ಸುಮಾರು ಐದು ಲೀಟರ್ ಗಾಳಿ ಎಳೆಯುತ್ತದೆ. ಮೇಯುವಾಗ ಅದರ ಮೂಗು ಹುಲ್ಲಿನೊಳಗೇ ಹೂತಿರುತ್ತದೆ. ಜೊತೆಗೆ ಗಂಜಲದಿಂದ ಏಳುವ ಅಮೋನಿಯಾ. ಜೊತೆಗೆ ನಾವೇ ಬಿಗಿದ ಟಾರ್ಪಾಲು. ಈ ಧೂಳು ಮೈಗೆ ಒಗ್ಗದ ಕುದುರೆಗಳಲ್ಲಿ ಶ್ವಾಸನಾಳ ಊದಿಕೊಳ್ಳುತ್ತದೆ, ಬಿಗಿಯುತ್ತದೆ, ಒಳಗೆ ಲೋಳೆ ಕಟ್ಟಿಕೊಳ್ಳುತ್ತದೆ. ಒಂದೇ ಲಾಯದಲ್ಲಿ ಒಂದೇ ಹುಲ್ಲು ತಿನ್ನುವ ನಾಲ್ಕು ಕುದುರೆಗಳಲ್ಲಿ ಒಂದಕ್ಕೆ ಮಾತ್ರ ಬರಬಹುದು. ಮನುಷ್ಯರಲ್ಲೂ ಹಾಗೇ ತಾನೆ? ನಮ್ಮ ಮನೆಯಲ್ಲಿ ಉಬ್ಬಸ ನನಗೊಬ್ಬಳಿಗೇ.

ಇದಕ್ಕೆ ಇಂಗ್ಲಿಷಿನಲ್ಲಿ ಮೊದಲಿನಿಂದ ಹೀವ್ಸ್ ಅನ್ನುತ್ತಿದ್ದರಂತೆ. ಆಮೇಲೆ ಸಿಒಪಿಡಿ, ಆರ್‌ಎಒ ಅಂತ ಏನೇನೋ ಹೆಸರುಗಳು. 2016ರಲ್ಲಿ ತಜ್ಞರು ಕೂತು, ಸಣ್ಣದಿರಲಿ ಜೋರಿನದಿರಲಿ, ಎಲ್ಲವನ್ನೂ ಸೇರಿಸಿ ಕುದುರೆಯ ಆಸ್ತಮಾ ಅಂತ ಕರೆಯುವುದು ಸರಿ ಅಂದರು. ಜೋರಿನ ಬಗೆ ಸಾಮಾನ್ಯವಾಗಿ ಏಳು ವರ್ಷ ದಾಟಿದ ಕುದುರೆಗಳಲ್ಲಿ ಕಾಣುತ್ತದೆ. ಅಂಟುವುದಿಲ್ಲ. ಪೂರ್ತಿ ವಾಸಿಯೂ ಆಗುವುದಿಲ್ಲ. ಧೂಳು ತಪ್ಪಿಸಿದರೆ ಕುದುರೆ ಚೆನ್ನಾಗಿರುತ್ತದೆ, ಮತ್ತೆ ಆ ಹುಲ್ಲಿನ ಹತ್ತಿರ ಕಟ್ಟಿದರೆ ಮತ್ತೆ ಶುರು.

ನಾವು ಮಾಡಿದ್ದು ಇಷ್ಟು. ಅಟ್ಟ ಪೂರ್ತಿ ಖಾಲಿ ಮಾಡಿದೆವು. ಟಾರ್ಪಾಲು, ಗೋಣಿಚೀಲ ಕಿತ್ತೆವು. ಬೆಳ್ಳಿಯನ್ನು ಹಗಲೂ ರಾತ್ರಿ ಹಿತ್ತಲ ಹೊಂಗೆ ಮರದ ಕೆಳಗೆ ಕಟ್ಟಿದೆವು. ಚಳಿಗೆ ಬೆನ್ನಿನ ಮೇಲೊಂದು ಕಂಬಳಿ, ಅಷ್ಟೇ. ಹಸಿ ಹುಲ್ಲು ಸಿಕ್ಕಷ್ಟು ಹಾಕಿದೆವು. ಒಣ ಹುಲ್ಲು ಹಾಕಲೇಬೇಕಾದಾಗ ಚೆನ್ನಾಗಿರುವ ರಾಗಿ ಹುಲ್ಲನ್ನೇ ಆರಿಸಿ, ತೊಟ್ಟಿಯಲ್ಲಿ ಅರ್ಧ ಗಂಟೆ ಮುಳುಗಿಸಿ, ನೀರು ಬಸಿದು, ಒದ್ದೆ ಇರುವಾಗಲೇ ಕೊಟ್ಟೆವು. ಒಣಗಿದರೆ ಮತ್ತೆ ಹುಡಿ ಏಳುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ನೆನೆಸಿ ಕೊಟ್ಟರೂ ಆಗದು, ಅದನ್ನು ಎಸೆಯಲೇಬೇಕು. ಬೂಸಾವನ್ನೂ ನೀರು ಚಿಮುಕಿಸಿ ಕಲಸಿದೆವು. ಲಾಯ ಗುಡಿಸುವಾಗ ಬೆಳ್ಳಿ ಒಳಗಿರಬಾರದು ಅನ್ನುವ ನಿಯಮ ಬಂತು. ಎಷ್ಟು ವರ್ಷ ಅದರ ಮೂಗಿನ ಮುಂದೆಯೇ ಪೊರಕೆ ಆಡಿಸಿದ್ದೇವೋ!

ಔಷಧಿಯೂ ಇತ್ತು. ಮೊದಲು ಇಂಜೆಕ್ಷನ್, ಆಮೇಲೆ ಪ್ರೆಡ್ನಿಸೋಲೋನ್ ಮಾತ್ರೆ. ನಾನು ದಿನಾ ಜನರಿಗೆ ಒಂದೋ ಎರಡೋ ಎಣಿಸಿ ಕೊಡುವ ಮಾತ್ರೆ ಇವಳಿಗೆ ಸ್ಟ್ರಿಪ್‌ಗಟ್ಟಲೆ ಬೇಕಾಯಿತು. ದಿನ ಕಳೆದ ಹಾಗೆ ಇಳಿಸುತ್ತಾ ಬಂದರು. ಇದನ್ನು ಓದಿ ಯಾರೂ ತಾವೇ ಕೊಡಲು ಹೋಗಬೇಡಿ. ಇದೇ ಔಷಧಿಯಿಂದ ಕೆಲವು ಕುದುರೆಗಳ ಗೊರಸಿನ ಒಳಗೆ ಉರಿಯೂತ ಬಂದು ಕಾಲು ಊರಲಾಗದೆ ನಿಲ್ಲುವ ಅಪಾಯ ಇದೆ. ಹೆಸರಿನಲ್ಲೂ ಒಂದು ಮೋಸ ಇದೆ. ಪ್ರೆಡ್ನಿಸೋನ್ ಅಂತ ಇನ್ನೊಂದಿದೆ, ಅದು ಕುದುರೆಯ ಹೊಟ್ಟೆಯಿಂದ ಮೈಗೆ ಸರಿಯಾಗಿ ಸೇರುವುದೇ ಇಲ್ಲ. ಒಂದಕ್ಷರದ ವ್ಯತ್ಯಾಸ ಅಂತ ಅಂಗಡಿಯವರು ಬದಲಿಸಿ ಕೊಡುವ ಹಾಗಿಲ್ಲ.

ಮೂರು ವಾರಕ್ಕೆ ಹೊಟ್ಟೆ ಹೊಡೆದುಕೊಳ್ಳುವುದು ನಿಂತಿತು. ಅಪ್ಪನ ಕೆಮ್ಮೂ ಕಡಿಮೆಯಾಯಿತು. ಅದು ಕಾಕತಾಳೀಯ ಇರಬಹುದು ಅಂದುಕೊಂಡಿದ್ದೆ. ಇದೇ ಬೂಷ್ಟು ಹುಲ್ಲಿನ ಹುಡಿಯಿಂದ ರೈತರಿಗೆ ಬರುವ ಶ್ವಾಸಕೋಶದ ಕಾಯಿಲೆಯೊಂದು ವೈದ್ಯರ ಪುಸ್ತಕದಲ್ಲೇ ಇದೆ ಅಂತ ಡಾಕ್ಟರು ಹೇಳಿದರು. ಅಪ್ಪನನ್ನು ಎದೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೂ ಅವರ ಮಾತಿಗೇ.

ಮಾನ್ಯರೇ, ಕಾನೂನಿನ ವಿಷಯ ಒಂದು ಹೇಳಬೇಕು. ಕಾಯಿಲೆಯ ಪ್ರಾಣಿಯನ್ನು ದುಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆ ಕಾನೂನು ಸರಿಯಾಗಿದೆ. ಆದರೆ ನಮ್ಮ ಕುದುರೆಗೆ ಕಾಯಿಲೆ ಇದೆಯೋ ಇಲ್ಲವೋ, ದುಡಿಸಬಹುದೋ ಬಾರದೋ ಅಂತ ಹೇಳುವವರು ಯಾರು? ಮೂರು ಸಲ ಬಾಗಿಲಿಗೆ ಬಂದರೂ ಯಾರೂ ಹೇಳಲಿಲ್ಲ. ಅಪ್ಪ ತಾವಾಗಿಯೇ ಎರಡು ತಿಂಗಳ ಮದುವೆಗಳನ್ನು ಬಿಟ್ಟರು. ಮಾಘ, ಫಾಲ್ಗುಣದ ಲಗ್ನಗಳು. ಎಲ್ಲರಿಗೂ ಹಾಗೆ ಬಿಡಲು ಆಗುವುದಿಲ್ಲ. ನನ್ನ ಸಂಬಳ ಇಲ್ಲದಿದ್ದರೆ ನಮಗೂ ಆಗುತ್ತಿರಲಿಲ್ಲ.

ಇರುವ ಕುದುರೆ ಎಷ್ಟು ಅಂತ ನೀವು ಕೇಳಬಹುದು. ದೇಶದಲ್ಲಿ 2012ರ ಜಾನುವಾರು ಗಣತಿಯಲ್ಲಿ ಸುಮಾರು 6.25 ಲಕ್ಷ ಇದ್ದ ಕುದುರೆಗಳು 2019ರಲ್ಲಿ 3.42 ಲಕ್ಷಕ್ಕೆ ಇಳಿದವು. ಏಳು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. ಕಡಿಮೆ ಇರುವುದರಿಂದ ನೋಡುವುದಿಲ್ಲ, ನೋಡುವವರಿಲ್ಲದ್ದರಿಂದ ಸಾಕುವವರು ಬಿಡುತ್ತಾರೆ. ಅಪ್ಪ ಇದಕ್ಕೆ ನಗುತ್ತಾರೆ. "ಹಳೇಬೀಡಿನ ಗೋಡೆ ಮೇಲೆ ಸಾಲುಸಾಲು ಕುದುರೆ ಇವೆ ಕಣೇ, ಅವು ಕೆಮ್ಮಲ್ಲ, ಸಾಕು ಬಿಡು" ಅನ್ನುತ್ತಾರೆ. ನನಗೆ ನಗು ಬರುವುದಿಲ್ಲ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ.

ಯಾವ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೂ ಕುದುರೆಯನ್ನು ಗೇಟಿನಿಂದ ವಾಪಸು ಕಳಿಸಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಕುದುರೆ ನೋಡಿ ಅಭ್ಯಾಸವಿಲ್ಲದ ವೈದ್ಯರು ಇರುತ್ತಾರೆ, ಅದರಲ್ಲಿ ನಾಚಿಕೆ ಏನಿಲ್ಲ. ಯಾರ ಹತ್ತಿರ ಕಳಿಸಬೇಕು ಅನ್ನುವುದಾದರೂ ಅವರಿಗೆ ಗೊತ್ತಿರಲಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜು ಇದೆ, ಬೀದರ್‌ನ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ಕಾಲೇಜಿನವರ ಜೊತೆ ಮಾತಾಡಿ ತಿಂಗಳಿಗೊಂದು ದಿನ ಕುದುರೆಗಳಿಗೆಂದು ಇಡಲು ಆಗುವುದಿಲ್ಲವೇ? ಅರಸೀಕೆರೆಯಿಂದ, ಸಕಲೇಶಪುರದಿಂದ, ಹೊಳೆನರಸೀಪುರದಿಂದಲೂ ಕರೆತರುವವರು ಇದ್ದಾರೆ. ಜೋರಾದ ಉಬ್ಬಸ ಇದೆಯೇ ಅಂತ ಖಚಿತ ಮಾಡಲು ಶ್ವಾಸಕೋಶಕ್ಕೆ ಉಪ್ಪುನೀರು ಬಿಟ್ಟು ತೆಗೆದು ಅದರಲ್ಲಿನ ಜೀವಕೋಶ ಎಣಿಸುವ ಪರೀಕ್ಷೆ ಇದೆಯಂತೆ. ಅಂಥದ್ದು ನಮ್ಮ ಊರಿನಲ್ಲೇ ಆದರೆ ಕಲಿಯುವ ಮಕ್ಕಳಿಗೂ ಒಳ್ಳೆಯದು.

ಗ್ಲಾಂಡರ್ಸ್ ಅನುಮಾನ ಬಂದರೆ ಬಾಯಿಮಾತು ಬೇಡ. ಅಂದೇ ರಕ್ತ ತೆಗೆಯಿರಿ. ಫಲಿತಾಂಶ ಬರುವವರೆಗೆ ಬೇರೆ ಕಟ್ಟಿ ಅಂತ ಬರವಣಿಗೆಯಲ್ಲಿ ಕೊಡಿ, ನಾವು ಕಟ್ಟುತ್ತೇವೆ. ಹರಿಯಾಣದ ಹಿಸಾರ್‌ನಲ್ಲಿ ಕುದುರೆಗಳಿಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ ಇದೆ, ಈ ರೋಗದ ಪರೀಕ್ಷೆಯಲ್ಲಿ ಪಳಗಿದವರು ಅಲ್ಲಿದ್ದಾರೆ. ಫಲಿತಾಂಶ ಬಂದ ಮೇಲೆ, ರೋಗ ಇಲ್ಲ ಅಂತಾದರೆ, ಅದನ್ನೂ ಸಹಿ ಹಾಕಿ ಕೊಡಿ. ಛತ್ರದವರಿಗೆ ತೋರಿಸಲು ನಮ್ಮ ಕೈಯಲ್ಲಿ ಅದೊಂದೇ ಇರುವುದು.

1962ಕ್ಕೆ ಕರೆ ಮಾಡಿದರೆ ಪಶು ಆಂಬುಲೆನ್ಸ್ ಬರುವ ವ್ಯವಸ್ಥೆ ಇದೆ. ಅದರಲ್ಲಿ ಬರುವವರಿಗೆ ನನ್ನದೊಂದು ಮನವಿ. ಕೆಮ್ಮುವ ಕುದುರೆ ಕಂಡರೆ ಎರಡು ನಿಮಿಷ ಲಾಯದೊಳಗೆ ನಿಲ್ಲಿ. ಮೇಲೆ ಏನು ಪೇರಿಸಿದ್ದಾರೆ, ಕಿಟಕಿ ತೆರೆದಿದೆಯಾ, ಗಂಜಲದ ಘಾಟು ಎಷ್ಟು, ಒಂದು ಹಿಡಿ ಹುಲ್ಲು ಕೊಡವಿದರೆ ಏನು ಏಳುತ್ತದೆ, ನೋಡಿ. ಕುದುರೆ ಆಸ್ಪತ್ರೆಗೆ ಬಂದರೆ ಅಟ್ಟ ಜೊತೆಗೆ ಬರುವುದಿಲ್ಲ. ಮನೆಗೆ ಬರುವವರಿಗೆ ಮಾತ್ರ ಅದು ಕಾಣುತ್ತದೆ.

ಹುಲ್ಲಿನ ವಿಷಯ ಕುದುರೆಯವರಿಗಷ್ಟೇ ಅಲ್ಲ. ಹೇಮಾವತಿ ನಾಲೆ ಕೆಳಗಿನ ಗದ್ದೆಗಳಲ್ಲಿ ಈಗ ಮೆಷಿನ್ ಬಂದು ಹುಲ್ಲು ಸುತ್ತಿ ಹೋಗುವುದು ಮಾಮೂಲಾಗಿದೆ. ಕೂಲಿ ಉಳಿಯುತ್ತದೆ, ತಪ್ಪೇನಿಲ್ಲ. ಒಣಗದೆ ಸುತ್ತಬೇಡಿ, ಮಳೆಗೆ ನೆನೆದಿದ್ದನ್ನು ಒಳ್ಳೆ ಹುಲ್ಲಿನ ರೇಟಿಗೆ ಮಾರಬೇಡಿ, ಪ್ರಾಣಿಯ ತಲೆ ಮೇಲೆ ಪೇರಿಸಬೇಡಿ ಅಂತ ಹೇಳುವವರು ಬೇಕು. ಹಸು ಸಾಕುವ ಮನೆಗೂ, ಆ ಹುಲ್ಲನ್ನು ದಿನಾ ಎಳೆದು ಹಾಕುವ ಹೆಂಗಸರಿಗೂ ಇದು ಬೇಕಾದ ಮಾತೇ. ಮುಂದಿನ ಕೊಯ್ಲಿನ ಮೊದಲು ಡೇರಿಗಳ ಗೋಡೆಗೆ ಒಂದು ಕರಪತ್ರ ಅಂಟಿಸಿದರೂ ಸಾಕು. ಬರೆಯುವವರಿಲ್ಲ ಅಂದರೆ ನಾನೇ ಬರೆದುಕೊಡುತ್ತೇನೆ, ನಿಮ್ಮ ವೈದ್ಯರು ತಿದ್ದಲಿ.

ಬೆಳ್ಳಿ ಈಗ ನಿಮಿಷಕ್ಕೆ 14 ಸಲ ಉಸಿರಾಡುತ್ತಾಳೆ. ಇವತ್ತು ಬೆಳಿಗ್ಗೆಯೂ ಎಣಿಸಿದೆ. ಪಕ್ಕೆಯ ಗೆರೆ ಇನ್ನೂ ಸ್ವಲ್ಪ ಇದೆ. ಮೆರವಣಿಗೆಗೆ ಹೋಗುತ್ತಿದ್ದಾಳೆ. ಪಟಾಕಿ ಹೊಡೆಯುವುದಿದ್ದರೆ ಬರುವುದಿಲ್ಲ ಅಂತ ಅಪ್ಪ ಮುಂಗಡ ತೆಗೆದುಕೊಳ್ಳುವಾಗಲೇ ಹೇಳುತ್ತಾರೆ. ಅಟ್ಟ ಖಾಲಿ ಇದೆ. ಈ ಸಲದ ಹುಲ್ಲು ಎಲ್ಲಿಂದ ತರುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಕುದುರೆ ಸಾಕುವ ಮನೆಯ ಮಗಳು
ಹಾಸನ